ಟಲೂಲಾ ಗಾಶ್

ಟಲೂಲಾ ಗಾಶ್ : ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದಲ್ಲಿ 1986ರಲ್ಲಿ ಹುಟ್ಟಿ 1988ರಲ್ಲಿ ವಿಸರ್ಜನೆಗೊಂಡ ಐವರು ಸದಸ್ಯರ ಇಂಡೀ ಪಾಪ್ ತಂಡ. ಸುಮಾರು ಎರಡು ವರ್ಷ ಮಾತ್ರ ಬಾಳಿದ ಈ ತಂಡ ಬೆರಳೆಣಿಕೆಯ ಸಿಂಗಲ್‌ಗಳನ್ನು, ಅಂದರೆ ಒಂದೆರಡು ಹಾಡುಗಳಷ್ಟೇ ಇರುವ ಪುಟ್ಟ ಧ್ವನಿಮುದ್ರಿಕೆಗಳನ್ನು ಹೊರತಂದಿತೇ ವಿನಾ ಆಲ್ಬಂ ಎಂದು ಯೋಜಿಸಿ ಒಂದನ್ನೂ ಮುದ್ರಿಸಲಿಲ್ಲ. ಬ್ರಿಟನ್ನಿನ ಮುಖ್ಯ ಜನಪ್ರಿಯತಾ ಪಟ್ಟಿಗಳಲ್ಲಿ ಇದರ ಹೆಸರು ಮೇಲೇರಲಿಲ್ಲ. ಆದರೂ 1980ರ ದಶಕದ ನಡುಭಾಗದಲ್ಲಿ ಗಿಟಾರ್ ಪ್ರಧಾನವಾದ ಪಾಪ್ ಸಂಗೀತವು ದೊಡ್ಡ ಕಂಪನಿಗಳ ಹಂಗಿಲ್ಲದೆ ಹೇಗೆ ತಯಾರಾಗುತ್ತಿತ್ತು, ಹೇಗೆ ಕೇಳುಗರನ್ನು ತಲುಪುತ್ತಿತ್ತು ಎಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ತಂಡದ ಅಲ್ಪಾಯುಸ್ಸನ್ನು ಹಲವು ವಿಮರ್ಶಕರು ಅಪೂರ್ಣತೆ ಎಂದು ಬಗೆದಿದ್ದುಂಟು. ಅದು ಬಳಸಿಕೊಂಡ ಮಾಧ್ಯಮಗಳನ್ನು, ಆ ಮಾಧ್ಯಮಗಳ ಹಿಂದಿನ ಅರ್ಥವ್ಯವಸ್ಥೆಯನ್ನು ಗಮನಿಸಿದರೆ ಈ ತೀರ್ಮಾನ ಸರಿಯೆನಿಸುವುದಿಲ್ಲ.

ಇಂಡೀ ಎಂಬ ಮಾತು ಮೊದಲಿಗೆ ಒಂದು ಸಂಗೀತಶೈಲಿಯನ್ನು ಸೂಚಿಸುತ್ತಿರಲಿಲ್ಲ. ಸ್ವತಂತ್ರ ಧ್ವನಿಮುದ್ರಣ ಸಂಸ್ಥೆಗಳು ಹೊರತಂದು, ಸ್ವತಂತ್ರ ಜಾಲದ ಮೂಲಕವೇ ಅಂಗಡಿಗಳನ್ನು ತಲುಪುವ ಸಂಗೀತಕ್ಕೆಲ್ಲ ಈ ಹೆಸರಿತ್ತು. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ತಂಡ 'ಸ್ಪೈರಲ್ ಸ್ಕ್ರ್ಯಾಚ್' ಎಂಬ ಏಳಿಂಚಿನ ಮುದ್ರಿಕೆಯನ್ನು ಸ್ವಂತ ಖರ್ಚಿನಲ್ಲಿ ಹೊರತಂದು ಮಾರಿದ ಮೇಲೆ, ಸ್ಟುಡಿಯೋ ಬಾಡಿಗೆಗೂ ಮುದ್ರಣದ ಖರ್ಚಿಗೂ ಒಂದಿಷ್ಟು ಹಣ ಹೊಂದಿಸಬಲ್ಲವರು ಯಾರೇ ಆಗಲಿ ಹಾಡನ್ನು ಹೊರತರಬಹುದು ಎಂಬ ಧೈರ್ಯ ಬ್ರಿಟನ್ನಿನ ಊರೂರುಗಳಲ್ಲಿ ಮೂಡಿತು. ಉಳಿದ ತೊಡಕು ವಿತರಣೆಯದು. ಲಂಡನ್ನಿನಲ್ಲಿ 1976ರಲ್ಲಿ ಅಂಗಡಿಯಾಗಿ ಆರಂಭವಾದ ರಫ್ ಟ್ರೇಡ್, ಯಾರ್ಕಿನ ರೆಡ್ ರೈನೋ, ಬ್ರಿಸ್ಟಲಿನ ರಿವಾಲ್ವರ್, ಲಿವರ್‌ಪೂಲಿನ ಪ್ರೋಬ್, ನಾರಿಚಿನ ಬ್ಯಾಕ್ಸ್, ಎಡಿನ್‌ಬರೋದ ಫಾಸ್ಟ್ ಫಾರ್ವರ್ಡ್ ಮೊದಲಾದ ಪ್ರಾದೇಶಿಕ ಸಗಟು ವ್ಯಾಪಾರಿಗಳು ಕಾರ್ಟೆಲ್ ಎಂಬ ಒಕ್ಕೂಟ ಕಟ್ಟಿಕೊಂಡು ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿದರು. 1980ರ ಜನವರಿಯಿಂದ ಇಂಥ ಮುದ್ರಿಕೆಗಳಿಗೇ ಮೀಸಲಾದ ಇಂಡೀ ಪಟ್ಟಿಯೊಂದು ಪ್ರಕಟವಾಗತೊಡಗಿತು. ದೊಡ್ಡ ಕಂಪನಿಗಳ ಲೆಕ್ಕದಲ್ಲಿ ನಗಣ್ಯವಾಗಿದ್ದ ಮಾರಾಟವೂ ಈ ಜಾಲದಲ್ಲಿ ಖರ್ಚನ್ನು ಹುಟ್ಟಿಸಿಕೊಡುತ್ತಿತ್ತು. ಮುಂದಿನ ಸಿಂಗಲ್‌ಗೆ ಅಷ್ಟು ಸಾಕಾಗುತ್ತಿತ್ತು.

ಈ ವ್ಯವಸ್ಥೆ ಕುದುರಿಕೊಂಡ ಸುಮಾರು ಅರ್ಧ ದಶಕದ ಬಳಿಕ, 1986ರಲ್ಲಿ, ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಎಂಬ ವಾರಪತ್ರಿಕೆಯು ರಫ್ ಟ್ರೇಡ್ ಜೊತೆಗೂಡಿ 22 ತಂಡಗಳ ಹಾಡುಗಳಿದ್ದ 'ಸಿ86' ಎಂಬ ಕ್ಯಾಸೆಟ್ಟನ್ನು ಹೊರತಂದಿತು. ಪ್ರೈಮಲ್ ಸ್ಕ್ರೀಮ್, ದಿ ಪಾಸ್ಟೆಲ್ಸ್, ಶಾಪ್ ಅಸಿಸ್ಟೆಂಟ್ಸ್, ದಿ ವೆಡ್ಡಿಂಗ್ ಪ್ರೆಸೆಂಟ್ ಮುಂತಾದ ತಂಡಗಳು ಇದರಲ್ಲಿದ್ದವು. ಒಂದಕ್ಕೊಂದು ಸಂಬಂಧವಿಲ್ಲದ ಒರಟು ಪ್ರಯೋಗಗಳೂ ಆ ಕ್ಯಾಸೆಟ್ಟಿನಲ್ಲಿ ಧಾರಾಳವಾಗಿದ್ದರೂ ಜನರ ನೆನಪಿನಲ್ಲಿ ಉಳಿದದ್ದು ಒಂದು ಬಗೆ ಮಾತ್ರ: 1960ರ ದಶಕದ ಪಾಪ್ ಹಾಡುಗಳ ಇಂಪನ್ನೂ ಪಂಕ್ ಸಂಗೀತದ ಅವಸರವನ್ನೂ ಕೂಡಿಸಿದ, ಗಿಟಾರಿನ ತಂತಿಗಳು ಝಣಝಣಿಸುವ, ವಾದನಕೌಶಲದ ಪ್ರದರ್ಶನಕ್ಕೆ ಆಸ್ಪದವೇ ಇಲ್ಲದ ಕಿರುಹಾಡು. ಟಲೂಲಾ ಗಾಶ್ ಆ ಕ್ಯಾಸೆಟ್ಟಿನಲ್ಲಿ ಇರಲಿಲ್ಲ. ಆಗಿನ್ನೂ ಅದು ಒಂದು ಮುದ್ರಿಕೆಯನ್ನೂ ಹೊರತಂದಿರಲಿಲ್ಲ. ಹಾಗಿದ್ದೂ ಸಿ86 ಎಂಬ ಹೆಸರು ಮುಂದೆ ಒಂದು ಶೈಲಿಯ ಹೆಸರಾಗಿ ನೆಲೆನಿಂತಾಗ ಆ ಶೈಲಿಯ ಪ್ರತಿನಿಧಿ ಎಂದು ಮತ್ತೆ ಮತ್ತೆ ಉಲ್ಲೇಖಗೊಂಡದ್ದು ಇದೇ ತಂಡ. ಸಂಗೀತ ಚರಿತ್ರೆಯಲ್ಲಿ ಇಂಥ ವಿಪರ್ಯಾಸಗಳು ಅಪರೂಪವೇನಲ್ಲ.

ತಂಡದ ಮೂಲ ಸದಸ್ಯರು ಗಾಯಕಿ ಹಾಗೂ ಗಿಟಾರ್ ವಾದಕಿ ಅಮೀಲಿಯಾ ಫ್ಲೆಚರ್, ಗಾಯಕಿ ಎಲಿಜಬೆತ್ ಪ್ರೈಸ್, ಗಿಟಾರ್ ವಾದಕ ಪೀಟರ್ ಮೊಮ್ಚಿಲೋಫ್, ಬೇಸ್ ಗಿಟಾರ್ ನುಡಿಸುತ್ತಿದ್ದ ರಾಬ್ ಪರ್ಸಿ ಮತ್ತು ಡ್ರಮ್ಸ್ ಬಾರಿಸುತ್ತಿದ್ದ ಅಮೀಲಿಯಾಳ ತಮ್ಮ ಮ್ಯಾಥ್ಯೂ ಫ್ಲೆಚರ್. ಅಮೀಲಿಯಾ ಮತ್ತು ಎಲಿಜಬೆತ್ ಆಗ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು. ಮೊದಲನೆಯವಳದು ಅರ್ಥಶಾಸ್ತ್ರ, ಎರಡನೆಯವಳದು ರಸ್ಕಿನ್ ಕಲಾಶಾಲೆಯಲ್ಲಿ ಚಿತ್ರಕಲೆ. ಗ್ಲಾಸ್ಗೋದ ಪಾಸ್ಟೆಲ್ಸ್ ತಂಡದ ಹೆಸರಿದ್ದ ಬ್ಯಾಡ್ಜನ್ನು ಇಬ್ಬರೂ ಧರಿಸಿದ್ದುದೇ ಅವರ ಪರಿಚಯಕ್ಕೆ ಕಾರಣವಾಯಿತೆಂಬುದು ತಂಡದ ಕುರಿತ ಬರಹಗಳಲ್ಲೆಲ್ಲ ಬರುವ ಸಂಗತಿ. ಆ ಕಾಲದ ಇಂಡೀ ಕೇಳುಗರು ಪರಸ್ಪರ ಗುರುತು ಹಿಡಿಯುತ್ತಿದ್ದುದು ಬ್ಯಾಡ್ಜ್, ಅಂಚೆ ವಿಳಾಸ, ಕೈಬರಹದ ಕಿರುಪತ್ರಿಕೆಗಳಂಥ ಸಣ್ಣ ಗುರುತುಗಳಿಂದಲೇ ಆದ್ದರಿಂದ ಇದನ್ನು ಕೇವಲ ಸ್ವಾರಸ್ಯದ ಕತೆಯೆಂದು ತಳ್ಳಿಹಾಕುವಂತಿಲ್ಲ. ಆಲ್ಟರ್ಡ್ ಇಮೇಜಸ್ ತಂಡದ ಗಾಯಕಿ ಕ್ಲೇರ್ ಗ್ರೋಗನ್ ಪತ್ರಿಕಾ ಸಂದರ್ಶನವೊಂದರಲ್ಲಿ ತನಗೆ ಹಿಡಿಸುವ ಗುಪ್ತನಾಮವೆಂದು ಹೇಳಿದ್ದ ಹೆಸರನ್ನೇ ತಂಡ ತನ್ನದಾಗಿಸಿಕೊಂಡಿತು. ಸದಸ್ಯರ ಪಟ್ಟಿ ಬಹುಕಾಲ ಹೀಗೆಯೇ ಉಳಿಯಲಿಲ್ಲ: ಪರ್ಸಿ ಆರಂಭದ ದಿನಗಳಲ್ಲೇ ಹೊರನಡೆದು ಕ್ರಿಸ್ ಸ್ಕಾಟ್ ಬಂದ, ತರುವಾಯ ಪ್ರೈಸ್ ತಂಡ ಬಿಟ್ಟಾಗ ಆ ಸ್ಥಾನಕ್ಕೆ ಈತ್ನಾ ಫ್ಯಾರಿ ಬಂದಳು.

ತಂಡದ ಮೊದಮೊದಲ ಮುದ್ರಿತ ಹಾಡುಗಳಲ್ಲಿ ಒಂದು ಫ್ಲೆಕ್ಸಿ ರೂಪದಲ್ಲಿತ್ತು. ಫ್ಲೆಕ್ಸಿ ಎಂದರೆ ಮಾಮೂಲಿ ಗ್ರಾಮಫೋನ್ ತಟ್ಟೆಯಷ್ಟು ದಪ್ಪವಿಲ್ಲದ, ಕಾಗದದಂತೆ ಬಾಗುವ ತೆಳು ಪ್ಲಾಸ್ಟಿಕ್ ಹಾಳೆ; ಇದರ ಧ್ವನಿಗುಣ ಸಾಧಾರಣ, ತೂಕವಿಲ್ಲದೆ ಮುಳ್ಳಿನಡಿ ಜಾರುವುದೂ ಉಂಟು, ಕೆಲವರು ಅದರ ಮೇಲೆ ನಾಣ್ಯವಿಟ್ಟು ನುಡಿಸುತ್ತಿದ್ದರು. ಆದರೆ ತಯಾರಿಕೆಯ ಖರ್ಚು ಅತಿ ಕಡಿಮೆಯಾದ್ದರಿಂದ ಮತ್ತು ಲಕೋಟೆಯೊಳಗೆ ಮಡಚದೆ ಇಟ್ಟು ಅಂಚೆಯಲ್ಲಿ ಕಳುಹಿಸಲು ಅನುಕೂಲವಾದ್ದರಿಂದ ಅಭಿಮಾನಿಗಳು ತಾವೇ ಬರೆದು, ಜೆರಾಕ್ಸ್ ಮಾಡಿ, ಪಿನ್ನು ಹೊಡೆದು ಹಂಚುತ್ತಿದ್ದ ಫ್ಯಾನ್‌ಜೀನ್ ಎಂಬ ಕಿರುಪತ್ರಿಕೆಗಳಿಗೆ ಇದು ಹೇಳಿಮಾಡಿಸಿದ ಮಾಧ್ಯಮವಾಗಿತ್ತು. ಮ್ಯಾಟ್ ಹೇನ್ಸ್ ಸಂಬಂಧ ಹೊಂದಿದ್ದ ಶಾ-ಲಾ-ಲಾ ಎಂಬ ಫ್ಲೆಕ್ಸಿ ಮಾಲಿಕೆಯಲ್ಲಿ ಟಲೂಲಾ ಗಾಶ್ ಹಾಡು ರೇಜರ್‌ಕಟ್ಸ್ ತಂಡದ ಹಾಡಿನೊಡನೆ ಹೊರಬಂದಿತು. ಹಾಡೊಂದು ಅಂಗಡಿಯ ಕಪಾಟಿಗೆ ಹೋಗದೆ ಪತ್ರಿಕೆಯ ಪುಟಗಳ ನಡುವೆ ಮನೆಗೆ ಬರುವ ಈ ಕ್ರಮದಲ್ಲಿ ಸಂಗೀತಗಾರ, ಪ್ರಕಾಶಕ, ವಿಮರ್ಶಕ, ಕೊಳ್ಳುವವ ಎಂಬ ಭೇದಗಳು ಬಹಳಷ್ಟು ಅಳಿಸಿಹೋಗಿದ್ದವು. ಇಂದು ತಂಡ ಕಟ್ಟಿದವನೇ ನಾಳೆ ಪತ್ರಿಕೆ ತೆಗೆಯುತ್ತಿದ್ದ.

ತಂಡದ ಸಿಂಗಲ್‌ಗಳೆಲ್ಲ ಬಂದದ್ದು 53ಆರ್ಡ್ ಆ್ಯಂಡ್ 3ಆರ್ಡ್ ಎಂಬ ಸ್ಕಾಟಿಷ್ ಸಂಸ್ಥೆಯಿಂದ. ನ್ಯೂಯಾರ್ಕಿನ ಪಂಕ್ ತಂಡ ರಮೋನ್ಸ್‌ನ ಹಾಡೊಂದರ ಹೆಸರನ್ನೇ ಇಟ್ಟುಕೊಂಡ ಈ ಸಂಸ್ಥೆಯನ್ನು ಪಾಸ್ಟೆಲ್ಸ್‌ನ ಸ್ಟೀಫನ್ ಪಾಸ್ಟೆಲ್, ಶಾಪ್ ಅಸಿಸ್ಟೆಂಟ್ಸ್‌ನ ಡೇವಿಡ್ ಕೀಗನ್ ಮತ್ತು ಎಡಿನ್‌ಬರೋದ ವಿತರಕ ಸ್ಯಾಂಡಿ ಮೆಕ್‌ಲೀನ್ ಸೇರಿ ನಡೆಸುತ್ತಿದ್ದರು. ಮುಂದೆ ಅಮೆರಿಕದ ನಿರ್ವಾಣ ತಂಡವು ಹಾಡಿ ಲೋಕಪ್ರಸಿದ್ಧಗೊಳಿಸಿದ ಗೀತೆಗಳನ್ನು ರಚಿಸಿದ ದಿ ವ್ಯಾಸಲೀನ್ಸ್ ತಂಡವೂ ಇದೇ ಸಂಸ್ಥೆಯದು. 1986ರ ಕೊನೆಗೆ ಟಲೂಲಾ ಗಾಶ್ 'ಬೀಟ್ನಿಕ್ ಬಾಯ್' ಮತ್ತು 'ಸ್ಟೀಮಿಂಗ್ ಟ್ರೇನ್' ಎಂಬ ಎರಡು ಸಿಂಗಲ್‌ಗಳನ್ನು ಒಟ್ಟಿಗೇ ಬಿಡುಗಡೆ ಮಾಡಿತು. ಹೊಸ ತಂಡವೊಂದು ತನ್ನ ಮಾರಾಟವನ್ನು ತಾನೇ ಎರಡಾಗಿ ಸೀಳುವುದು ವ್ಯಾಪಾರದ ದೃಷ್ಟಿಯಿಂದ ಜಾಣತನವಲ್ಲ. ಆದರೆ ಇಂಡೀ ಪಟ್ಟಿಯಲ್ಲಿ ಎರಡಕ್ಕೂ ಜಾಗ ಸಿಕ್ಕಿತು. 1987ರಲ್ಲಿ ತಂಡದ ಹೆಸರನ್ನೇ ಹೊತ್ತ 'ಟಲೂಲಾ ಗಾಶ್' ಮತ್ತು 'ಬ್ರಿಂಗಿಂಗ್ ಅಪ್ ಬೇಬಿ', 1988ರಲ್ಲಿ 'ಟೆಸ್ಟ್‌ಕಾರ್ಡ್ ಗರ್ಲ್' ಬಂದವು. ಮೊದಲ ಹಾಡುಗಳನ್ನು ಕೂಡಿಸಿ 1987ರಲ್ಲಿ ಹೊರತಂದ ಸಂಕಲನಕ್ಕೆ 'ರಾಕ್ ಲೆಜೆಂಡ್ಸ್: ವಾಲ್ಯೂಮ್ 69' ಎಂದು ಹೆಸರಿಟ್ಟದ್ದು ರಾಕ್ ಸಂಗೀತದ ಮಹಾಪುರುಷರ ಆರಾಧನೆಯನ್ನು ಗೇಲಿಮಾಡಲೆಂದೇ ಎಂಬುದು ಸ್ಪಷ್ಟ.

ಸಂಗೀತದ ಸ್ವರೂಪವನ್ನು ಹೇಳುವುದಾದರೆ, ತಂಡದ ಹಾಡುಗಳಲ್ಲಿ ಹೆಚ್ಚಿನವು ಎರಡು ಮೂರು ನಿಮಿಷಗಳಲ್ಲಿ ಮುಗಿಯುತ್ತವೆ. 'ಸ್ಟೀಮಿಂಗ್ ಟ್ರೇನ್' ಹಾಡಿನಲ್ಲಿ ಡ್ರಮ್ಸ್ ಮೊದಲಿನಿಂದ ಕೊನೆಯವರೆಗೆ ಉಸಿರು ಬಿಡದೆ ಓಡುತ್ತದೆ. ಗಿಟಾರುಗಳು ರಮೋನ್ಸ್ ರೀತಿಯಲ್ಲಿ ಒಂದೇ ಸಮನೆ ಸ್ವರಗುಚ್ಛಗಳನ್ನು ಬಾರಿಸುತ್ತವಾದರೂ ರಮೋನ್ಸ್‌ನ ದಟ್ಟವಾದ ಗುಡುಗು ಇಲ್ಲಿಲ್ಲ, ಅದರ ಬದಲು ತೆಳ್ಳಗಿನ, ಚೂಪಾದ, ತುಸು ಕರಕರ ಎನ್ನುವ ನಾದವಿದೆ. ಅದರ ಮೇಲೆ ಇಬ್ಬರು ಯುವತಿಯರ ದನಿ, ತರಬೇತಿ ಪಡೆದ ಕಂಠಗಳ ಕಂಪನವಾಗಲಿ ಅಲಂಕಾರವಾಗಲಿ ಇಲ್ಲದೆ, ಮಾತಿನ ಸಹಜ ಉಚ್ಚಾರಣೆಗೆ ಹತ್ತಿರವಾಗಿ ಹರಿಯುತ್ತದೆ. ಒಬ್ಬಳು ಸಾಲು ಹಾಡುವಾಗ ಇನ್ನೊಬ್ಬಳು ಹಿಂದಿನಿಂದ ಅರ್ಥವಿಲ್ಲದ ಸ್ವರಾಕ್ಷರಗಳಿಂದ ಉತ್ತರ ಕೊಡುವ ಕ್ರಮವು 1960ರ ದಶಕದ ಅಮೆರಿಕದ ಶಾಂಗ್ರಿ-ಲಾಸ್ ಮೊದಲಾದ ಗರ್ಲ್ ಗ್ರೂಪ್‌ಗಳಿಂದ, ಅಂದರೆ ಹುಡುಗಿಯರೇ ಹಾಡುತ್ತಿದ್ದ ಪಾಪ್ ತಂಡಗಳಿಂದ ಬಂದದ್ದು. ಆ ತಂಡಗಳ ಹಿಂದೆ ಗೀತರಚನಕಾರರು, ನಿರ್ಮಾಪಕರು, ವಾದ್ಯವೃಂದ ಎಲ್ಲವೂ ಇದ್ದು, ಹುಡುಗಿಯರು ಹಾಡಿ ಹೋಗುತ್ತಿದ್ದರು. ಇಲ್ಲಿ ಹಾಡಿದವರೇ ರಚಿಸಿ ನುಡಿಸಿದರು. 'ಬೀಟ್ನಿಕ್ ಬಾಯ್' ಹಾಡು 'ಸ್ಟೀಮಿಂಗ್ ಟ್ರೇನ್'ಗೆ ಹೋಲಿಸಿದರೆ ನಿಧಾನಗತಿಯದು, ರಾಗದ ಇಂಪಿಗೆ ಹೆಚ್ಚು ಒತ್ತುಳ್ಳದ್ದು. ಕೊನೆಗಾಲದ ಹಾಡುಗಳು ಮೊದಲಿನವಕ್ಕಿಂತ ಬಿರುಸಾಗಿವೆ, ಗದ್ದಲವೂ ಹೆಚ್ಚು. ಅವುಗಳಲ್ಲೊಂದರ ಹೆಸರು 'ಬ್ರೇಕ್ ಯುವರ್ ಫೇಸ್' ಎಂದಿರುವುದನ್ನು ಗಮನಿಸಿದರೆ ಈ ತಂಡವನ್ನು ಬರಿಯ ಮುದ್ದುಮಾತಿನ ತಂಡವೆಂದು ಬಣ್ಣಿಸಿದವರು ಅದರ ಹಾಡುಗಳನ್ನು ಕೊನೆಯವರೆಗೆ ಕೇಳಿರಲಿಕ್ಕಿಲ್ಲ ಎಂದೇ ಹೇಳಬೇಕಾಗುತ್ತದೆ.

'ಟೆಸ್ಟ್‌ಕಾರ್ಡ್ ಗರ್ಲ್' ಎಂಬ ಶೀರ್ಷಿಕೆಯ ಹಿನ್ನೆಲೆ ಬ್ರಿಟನ್ನಿನ ಹೊರಗಿನವರಿಗೆ ಪರಿಚಿತವಲ್ಲ. ಕಾರ್ಯಕ್ರಮಗಳಿಲ್ಲದ ವೇಳೆಯಲ್ಲಿ ಟಿ.ವಿ. ಪರದೆಯ ಬಣ್ಣ, ಗಾತ್ರ, ಸ್ಪಷ್ಟತೆಗಳನ್ನು ತಂತ್ರಜ್ಞರು ಸರಿಪಡಿಸಿಕೊಳ್ಳಲೆಂದು ಬಿಬಿಸಿ 1967ರಿಂದ ಪ್ರಸಾರ ಮಾಡುತ್ತಿದ್ದ ಸ್ಥಿರಚಿತ್ರವೊಂದರಲ್ಲಿ, ಗೆರೆಗಳು ಮತ್ತು ಬಣ್ಣದ ಪಟ್ಟಿಗಳ ನಡುವಿನ ವೃತ್ತದೊಳಗೆ, ಕಪ್ಪುಹಲಗೆಯ ಮೇಲೆ ಸೊನ್ನೆ-ಕತ್ತರಿ ಆಟ ಬರೆಯುತ್ತಿರುವ ಪುಟ್ಟ ಹುಡುಗಿಯೂ ಅವಳ ಪಕ್ಕದಲ್ಲಿ ವಿದೂಷಕನ ಗೊಂಬೆಯೂ ಇದ್ದವು. 1960ರ ದಶಕದಲ್ಲಿ ಹುಟ್ಟಿ ಬೆಳೆದ ಬ್ರಿಟಿಷ್ ಮಕ್ಕಳು ಯಾವ ನಟಿಯ ಮುಖಕ್ಕಿಂತಲೂ ಹೆಚ್ಚು ಹೊತ್ತು ನೋಡಿದ್ದು ಅಲುಗಾಡದ ಈ ಹುಡುಗಿಯ ಮುಖವನ್ನು. ಮನೆಯೊಳಗಿನ ಇಂಥ ಕ್ಷುಲ್ಲಕ ಸಂಗತಿಗಳು, ಹಳೆಯ ಸಿನಿಮಾಗಳ ಶೀರ್ಷಿಕೆಗಳು, ಹದಿಹರೆಯದ ಪ್ರೇಮ ಮತ್ತು ಮುನಿಸು, ಇವು ತಂಡದ ಸಾಹಿತ್ಯದ ಸಾಮಗ್ರಿ.

ಪತ್ರಿಕೆಗಳ ಪ್ರತಿಕ್ರಿಯೆ ಎರಡು ತುದಿಗಳಲ್ಲಿತ್ತು. ಮೆಚ್ಚಿದವರು ಈ ಹಾಡುಗಳಲ್ಲಿ ಪಂಕ್‌ನ ಮೂಲಸ್ಫೂರ್ತಿಯನ್ನು ಕಂಡರು. ಮೆಚ್ಚದವರು ಇದನ್ನು ದೊಡ್ಡವರಾಗಲೊಪ್ಪದ ವಿದ್ಯಾವಂತ ಮಧ್ಯಮವರ್ಗದ ಮಕ್ಕಳಾಟವೆಂದರು. ಟೊಪ್ಪಿಯುಳ್ಳ ಮಳೆಯಂಗಿಯನ್ನು ಈ ತಂಡಗಳವರೂ ಕೇಳುಗರೂ ತೊಡುತ್ತಿದ್ದುದರಿಂದ ಅನೊರಾಕ್ ಪಾಪ್ ಎಂಬ ಹೆಸರೂ, ಹೇಸಿಗೆ ಹುಟ್ಟಿಸುವಷ್ಟು ಮುದ್ದಾಗಿರುವುದನ್ನು ಸೂಚಿಸುವ ಟ್ವೀ ಎಂಬ ಹೀಯಾಳಿಕೆಯ ಮಾತೂ ಬಳಕೆಗೆ ಬಂದವು. ಟೀಕೆಯಲ್ಲಿ ಹುರುಳಿಲ್ಲವೆನ್ನುವಂತಿಲ್ಲ, ತಂಡದ ಕೆಲವು ಹಾಡುಗಳಲ್ಲಿ ಬಾಲಿಶತೆ ಬೇಕೆಂದೇ ಅತಿಯಾಗಿದೆ. ಆದರೆ ಒಂದು ಮಾತನ್ನು ಜೊತೆಗೇ ಹೇಳಬೇಕು: ಚರ್ಮದ ಜಾಕೆಟ್ಟು, ಕುಡಿತ, ಗಂಡಸುತನದ ಬಿಂಕಗಳೇ ರಾಕ್ ಸಂಗೀತದ ಗಾಂಭೀರ್ಯವೆಂದು ಬಗೆಯಲಾಗಿದ್ದ ಕಾಲದಲ್ಲಿ, ಫ್ರಾಕು ತೊಟ್ಟು ಕೂದಲಿಗೆ ಕ್ಲಿಪ್ಪು ಸಿಕ್ಕಿಸಿದ ಹುಡುಗಿಯರು ಗಿಟಾರ್ ಹಿಡಿದು ತಮ್ಮ ಹಾಡನ್ನು ತಾವೇ ಹಾಡುವುದು ಆ ಗಾಂಭೀರ್ಯಕ್ಕೆ ಕೊಟ್ಟ ಉತ್ತರವೂ ಆಗಿತ್ತು. ಫ್ಲೆಚರ್ ಸ್ವತಃ ಮುಂದಿನ ವರ್ಷಗಳಲ್ಲಿ ಈ ಸ್ತ್ರೀವಾದಿ ನೆಲೆಯನ್ನು ಹೆಚ್ಚು ಸ್ಪಷ್ಟವಾಗಿಯೇ ಪ್ರಕಟಿಸಿದಳು.

ಹೊಸ ತಂಡಗಳಿಗೆ ಬಿಬಿಸಿ ರೇಡಿಯೋ 1 ವಾಹಿನಿಯ ಸೆಷನ್‌ಗಳು, ಅಂದರೆ ಬಿಬಿಸಿ ಸ್ಟುಡಿಯೋದಲ್ಲೇ ಒಂದೇ ದಿನದಲ್ಲಿ ಕೆಲವು ಹಾಡುಗಳನ್ನು ಮುದ್ರಿಸಿ ಪ್ರಸಾರ ಮಾಡುವ ಏರ್ಪಾಡು, ಆ ಕಾಲದಲ್ಲಿ ದೊಡ್ಡ ಆಸರೆಯಾಗಿದ್ದವು. ಟಲೂಲಾ ಗಾಶ್ ಕೂಡ ಜಾನಿಸ್ ಲಾಂಗ್ ಮತ್ತು ಜಾನ್ ಪೀಲ್ ನಡೆಸುತ್ತಿದ್ದ ಕಾರ್ಯಕ್ರಮಗಳಿಗೆ ಹೀಗೆ ಹಾಡಿತು. ಆ ಮುದ್ರಣಗಳು 1991ರಲ್ಲಿ 'ದೇವ್ ಸ್ಕಾಫ್ಡ್ ದ ಲಾಟ್' ಎಂಬ ಹೆಸರಿನಲ್ಲಿ ಹೊರಬಂದವು. ಅಷ್ಟರಲ್ಲಿ ತಂಡ ಇಲ್ಲವಾಗಿ ಮೂರು ವರ್ಷ ಕಳೆದಿತ್ತು. 1988ರಲ್ಲಿ ಅದು ಮುಗಿದದ್ದು ಜಗಳ, ಮೊಕದ್ದಮೆ, ದಿವಾಳಿಗಳಂಥ ನಾಟಕೀಯ ಘಟನೆಗಳಿಂದಲ್ಲ. ತಿಂಗಳ ಸಂಬಳ ಕೊಡುವ ಒಪ್ಪಂದವಾಗಲಿ, ತೀರಿಸಬೇಕಾದ ಮುಂಗಡವಾಗಲಿ, ಮುಗಿಸಿಕೊಡಬೇಕಾದ ಆಲ್ಬಮ್ಮುಗಳ ಸಂಖ್ಯೆಯಾಗಲಿ ಇಲ್ಲದ ತಂಡಕ್ಕೆ ಮುಂದುವರಿಯಲೇಬೇಕೆಂಬ ಒತ್ತಾಯವೂ ಇರಲಿಲ್ಲ. ದೊಡ್ಡ ಕಂಪನಿಯ ತಂಡವೊಂದು ಸಾಲ ತೀರುವವರೆಗೆ ಹಾಡುತ್ತಲೇ ಇರಬೇಕಾಗುತ್ತದೆ, ಸಿಂಗಲ್‌ಗೊಂದು ಸಿಂಗಲ್ ಎಂಬಂತೆ ಬದುಕುವ ತಂಡ ಯಾವ ಸಿಂಗಲ್ ಆದ ಮೇಲೂ ನಿಲ್ಲಬಹುದು. ಅದೇ ವರ್ಷ ಕಾರ್ಟೆಲ್‌ನ ಪ್ರಮುಖ ಅಂಗವಾಗಿದ್ದ ರೆಡ್ ರೈನೋ ಕುಸಿಯಿತು. 1991ರಲ್ಲಿ ರಫ್ ಟ್ರೇಡ್ ವಿತರಣಾ ಸಂಸ್ಥೆಯೂ ಮುಳುಗಿ, ಇಂಥ ತಂಡಗಳನ್ನು ಸಾಧ್ಯವಾಗಿಸಿದ್ದ ಜಾಲವೇ ಹರಿದುಹೋಯಿತು.

ಆದರೆ ತಂಡದ ರೀತಿನೀತಿಗಳು ಬೇರೆ ಕಡೆ ಬೇರೂರಿದ್ದವು. ಫ್ಲೆಕ್ಸಿ ಮಾಲಿಕೆಯ ಮ್ಯಾಟ್ ಹೇನ್ಸ್, ಕ್ಲೇರ್ ವಾಡ್ ಜೊತೆಗೂಡಿ 1987ರಲ್ಲಿ ಬ್ರಿಸ್ಟಲಿನಲ್ಲಿ ಸಾರಾ ರೆಕಾರ್ಡ್ಸ್ ಸ್ಥಾಪಿಸಿದ. ಒಂದೇ ಹಾಡನ್ನು ಹಲವು ಆಕಾರಗಳಲ್ಲಿ ಮಾರಿ ಕೇಳುಗರ ಜೇಬು ಖಾಲಿ ಮಾಡುವ ವ್ಯಾಪಾರಪದ್ಧತಿಯನ್ನು ಕಟುವಾಗಿ ವಿರೋಧಿಸಿ, ಏಳಿಂಚಿನ ಮುದ್ರಿಕೆಗೆ ನಿಷ್ಠವಾಗಿದ್ದ ಈ ಸಂಸ್ಥೆ ನೂರು ಪ್ರಕಟಣೆಗಳಾದ ಮೇಲೆ 1995ರಲ್ಲಿ ತನ್ನ ಬಾಗಿಲನ್ನು ತಾನೇ ಮುಚ್ಚಿಕೊಂಡಿತು. ಫ್ಲೆಚರ್ ಸೋದರ-ಸೋದರಿ, ಮೊಮ್ಚಿಲೋಫ್ ಮತ್ತು ಮರಳಿ ಬಂದ ಪರ್ಸಿ ಸೇರಿ 1989ರಲ್ಲಿ ಕಟ್ಟಿದ ಹೆವನ್ಲಿ ತಂಡದ ಮೊದಲ ಆಲ್ಬಮ್ಮುಗಳು ಸಾರಾ ಸಂಸ್ಥೆಯಿಂದಲೇ ಬಂದವು. 1993ರ 'ಪಿ.ಯು.ಎನ್.ಕೆ. ಗರ್ಲ್' ಮುದ್ರಿಕೆಯಲ್ಲಿ ಪರಿಚಿತನಿಂದ ನಡೆಯುವ ಅತ್ಯಾಚಾರವನ್ನು ಕುರಿತ ಹಾಡೊಂದನ್ನು ಲವಲವಿಕೆಯ ರಾಗದಲ್ಲಿಯೇ ಅಳವಡಿಸಿರುವುದು, ಮುದ್ದುತನದ ಆರೋಪಕ್ಕೆ ಗುರಿಯಾದ ಈ ಶೈಲಿ ಎಂಥ ಭಾರ ಹೊರಬಲ್ಲುದೆಂಬುದಕ್ಕೆ ಸಾಕ್ಷಿ. 1996ರಲ್ಲಿ ಮ್ಯಾಥ್ಯೂ ಫ್ಲೆಚರ್ ತೀರಿಕೊಂಡ ಮೇಲೆ ಉಳಿದವರು ಹೆವನ್ಲಿ ಎಂಬ ಹೆಸರನ್ನು ಕೈಬಿಟ್ಟು ಮರೀನ್ ರಿಸರ್ಚ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿದರು. ಅಮೀಲಿಯಾ ಮತ್ತು ಪರ್ಸಿ ಅನಂತರ ಟೆಂಡರ್ ಟ್ರ್ಯಾಪ್, ದಿ ಕ್ಯಾಟಿನರಿ ವೈರ್ಸ್ ಮೊದಲಾದ ತಂಡಗಳನ್ನು ಕಟ್ಟಿದರು.

ಸಂಗೀತದ ಹೊರಗೆ ಸದಸ್ಯರು ಕ್ರಮಿಸಿದ ದಾರಿ ಇನ್ನಷ್ಟು ಕುತೂಹಲಕರ. ಎಲಿಜಬೆತ್ ಪ್ರೈಸ್ ಕೆಲಕಾಲ ದಿ ಕರೌಸೆಲ್ ಎಂಬ ತಂಡದಲ್ಲಿದ್ದು, ಬಳಿಕ ವಿಡಿಯೋ ಕಲಾವಿದೆಯಾಗಿ ಹೆಸರು ಮಾಡಿದಳು. ಬ್ರಿಟನ್ನಿನ ಸಮಕಾಲೀನ ಕಲೆಗೆ ಮೀಸಲಾದ ಟರ್ನರ್ ಪ್ರಶಸ್ತಿ 2012ರಲ್ಲಿ ಈಕೆಗೆ ಬಂದಿತು. ಪ್ರಶಸ್ತಿಯೊಂದಿಗೆ ಗುರುತಿಸಲಾಗುವ 'ದಿ ವುಲ್‌ವರ್ತ್ಸ್ ಕಾಯರ್ ಆಫ್ 1979' ಎಂಬ ಇಪ್ಪತ್ತು ನಿಮಿಷಗಳ ಕೃತಿ ಮೂರು ಸಂಗತಿಗಳನ್ನು ಹೆಣೆಯುತ್ತದೆ: ಗಾಥಿಕ್ ಚರ್ಚುಗಳಲ್ಲಿ ಗಾಯಕರು ಕೂರುವ ಭಾಗದ ವಾಸ್ತುವಿನ್ಯಾಸ, ಶಾಂಗ್ರಿ-ಲಾಸ್ ಮೊದಲಾದ ಗರ್ಲ್ ಗ್ರೂಪ್‌ಗಳ ಹಳೆಯ ಚಿತ್ರಿಕೆಗಳು, ಮತ್ತು 1979ರ ಮೇ 8ರಂದು ಮ್ಯಾಂಚೆಸ್ಟರಿನ ವುಲ್‌ವರ್ತ್ಸ್ ಮಳಿಗೆಯಲ್ಲಿ ಹತ್ತು ಜನರನ್ನು ಬಲಿತೆಗೆದುಕೊಂಡ ಬೆಂಕಿ ಅನಾಹುತದ ಸುದ್ದಿಚಿತ್ರಗಳು. ಹಿನ್ನೆಲೆ ಗಾಯಕಿಯರ ಮುಂಗೈ ತಿರುವಿಗೂ, ಉರಿಯುವ ಕಟ್ಟಡದ ಕಿಟಕಿಯ ಸರಳುಗಳಾಚೆ ನೆರವಿಗಾಗಿ ಬೀಸುವ ಕೈಗೂ ಇರುವ ಸಾಮ್ಯವನ್ನು ಲಯಬದ್ಧ ಚಪ್ಪಾಳೆಯ ನಡುವೆ ಈ ಕೃತಿ ತೋರಿಸುತ್ತದೆ. ಪಾಪ್ ಹಾಡಿನ ಅಂಗಚಲನೆಯನ್ನು ಒಳಗಿನಿಂದ ಬಲ್ಲವಳ ಕೆಲಸ ಇದೆಂದು ಹೇಳಲು ಹಿಂಜರಿಯಬೇಕಿಲ್ಲ.

ಅಮೀಲಿಯಾ ಫ್ಲೆಚರ್ ಆಕ್ಸ್‌ಫರ್ಡಿನಲ್ಲೇ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಮಾರುಕಟ್ಟೆಯಲ್ಲಿ ಏಕಸ್ವಾಮ್ಯಗಳನ್ನು ತಡೆದು ಸ್ಪರ್ಧೆಯನ್ನು ಕಾಪಾಡುವ ಹೊಣೆಯಿದ್ದ ಆಫೀಸ್ ಆಫ್ ಫೇರ್ ಟ್ರೇಡಿಂಗ್ ಎಂಬ ಸರ್ಕಾರಿ ಸಂಸ್ಥೆಯ ಮುಖ್ಯ ಅರ್ಥಶಾಸ್ತ್ರಜ್ಞೆಯಾದಳು. 2013ರಲ್ಲಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯಾದಳು. ಡಿಜಿಟಲ್ ಮಾರುಕಟ್ಟೆಗಳಲ್ಲಿ ಕೆಲವೇ ಕಂಪನಿಗಳ ಹಿಡಿತ ಬಿಗಿಯಾಗುತ್ತಿರುವುದನ್ನು ಪರಿಶೀಲಿಸಲು ಬ್ರಿಟಿಷ್ ಸರ್ಕಾರ ಜೇಸನ್ ಫರ್ಮನ್ ಅಧ್ಯಕ್ಷತೆಯಲ್ಲಿ ನೇಮಿಸಿ, 2019ರಲ್ಲಿ ವರದಿ ಒಪ್ಪಿಸಿದ ತಜ್ಞರ ಮಂಡಳಿಯಲ್ಲಿ ಈಕೆಯೂ ಸದಸ್ಯೆ. ದೊಡ್ಡ ಕಂಪನಿಗಳ ವಿತರಣಾ ಹಿಡಿತವನ್ನು ತಪ್ಪಿಸಿಕೊಂಡ ಸಗಟು ಜಾಲವೊಂದರ ಫಲವಾಗಿ ತನ್ನ ಮೊದಲ ಹಾಡುಗಳನ್ನು ಜನರಿಗೆ ಮುಟ್ಟಿಸಿದವಳು ಸ್ಪರ್ಧಾನೀತಿಯ ವಿದ್ವಾಂಸೆಯಾದದ್ದು ಆಕಸ್ಮಿಕವೇ ಇರಬಹುದು, ಆದರೆ ಅರ್ಥವಂತಿಕೆಯುಳ್ಳ ಆಕಸ್ಮಿಕ. ಮೊಮ್ಚಿಲೋಫ್ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ತತ್ತ್ವಶಾಸ್ತ್ರ ಗ್ರಂಥಗಳ ಸಂಪಾದಕನಾದರೆ, ಈತ್ನಾ ಫ್ಯಾರಿ ಪತ್ರಕರ್ತೆಯಾಗಿ, ಉಡುಪುಗಳನ್ನು ಮನೆಯಲ್ಲೇ ಹೊಲಿದುಕೊಳ್ಳುವುದನ್ನು ಕುರಿತ ಪುಸ್ತಕದ ಲೇಖಕಿಯಾಗಿ ಪರಿಚಿತಳು.

ಅಮೆರಿಕದಲ್ಲಿ ತಂಡದ ಪ್ರಭಾವ ಹರಡಿದ್ದು ಮುಖ್ಯವಾಗಿ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾ ಎಂಬ ಸಣ್ಣ ಪಟ್ಟಣದ ಮೂಲಕ. ಅಲ್ಲಿನ ಬೀಟ್ ಹ್ಯಾಪನಿಂಗ್ ತಂಡದ ಕ್ಯಾಲ್ವಿನ್ ಜಾನ್ಸನ್ ನಡೆಸುತ್ತಿದ್ದ ಕೆ ರೆಕಾರ್ಡ್ಸ್ ಸಂಸ್ಥೆ ಹೆವನ್ಲಿಯ ಮುದ್ರಿಕೆಗಳನ್ನು ಅಮೆರಿಕದಲ್ಲಿ ಹೊರತಂದಿತಲ್ಲದೆ, 1996ರಲ್ಲಿ ಟಲೂಲಾ ಗಾಶ್ ಹಾಡುಗಳನ್ನು 'ಬ್ಯಾಕ್‌ವಾಶ್' ಎಂಬ ಸಂಕಲನವಾಗಿ ಪ್ರಕಟಿಸಿತು. ರಾಕ್ ಸಂಗೀತದಲ್ಲಿ ಹೆಣ್ಣುಮಕ್ಕಳ ಹಕ್ಕಿನ ದನಿಯೆತ್ತಿದ ರಯಟ್ ಗರ್ಲ್ ಚಳವಳಿಗೂ ಅದೇ ಪಟ್ಟಣ ನೆಲೆಯಾಗಿದ್ದು, ಎರಡೂ ಕಡೆಯವರ ನಡುವೆ ಒಡನಾಟವಿತ್ತು. 2013ರಲ್ಲಿ ಡ್ಯಾಮೇಜ್ಡ್ ಗೂಡ್ಸ್ ಸಂಸ್ಥೆಯು ಸಿಂಗಲ್‌ಗಳನ್ನೂ ರೇಡಿಯೋ ಸೆಷನ್‌ಗಳನ್ನೂ ಒಟ್ಟುಗೂಡಿಸಿ 'ವಾಸ್ ಇಟ್ ಜಸ್ಟ್ ಎ ಡ್ರೀಮ್?' ಎಂಬ ಹೆಸರಿನಲ್ಲಿ ಹೊರತಂದ ಸಂಕಲನ, ತಂಡದ ಸಂಗೀತವನ್ನು ಬಹುಮಟ್ಟಿಗೆ ಒಂದೇ ಕಡೆ ಕೇಳಲು ಒದಗಿಸುತ್ತದೆ.